ರಾಹುಕಾಲ ನೋಡಿ ನೆಕ್ಸ್ಟ್ ಒತ್ತುತ್ತಿದ್ದವರು

ಹೋದ ವಾರ ಅವರು ನುಗ್ಗೇಹಳ್ಳಿಯಲ್ಲಿ ತೀರಿಕೊಂಡರಂತೆ. ಸುದ್ದಿ ಬಂದ ದಿನವೇ ಪ್ರಾಂಶುಪಾಲರು ನನ್ನನ್ನು ಕರೆದು, "ಸಂತಾಪ ಸಭೆ ಇಟ್ಕೊಂಡಿದೀವಿ, ನಾಲ್ಕು ಸಾಲು ಬರೆದುಕೊಡಿ. ನಿಮಗಿಂತ ಹತ್ತಿರದಿಂದ ಅವರನ್ನ ನೋಡಿದೋರು ಈ ಕಾಲೇಜಲ್ಲಿ ಯಾರಿದಾರೆ?" ಅಂದರು. ಈಗಿನ ಪ್ರಾಂಶುಪಾಲರು ಹೊಸಬರು. ನನಗೂ ತೀರಿಕೊಂಡವರಿಗೂ ಎಂಥ ಸಂಬಂಧವಿತ್ತು ಅಂತ ಬಲ್ಲವರಾಗಿದ್ದರೆ ಈ ಕೆಲಸವನ್ನು ಜವಾನನಿಗೆ ಕೊಟ್ಟರೂ ನನಗೆ ಕೊಡುತ್ತಿರಲಿಲ್ಲ. ಹತ್ತಿರದಿಂದ ನೋಡಿದ್ದೇನೋ ನಿಜ. ಸುಮಾರು ಹತ್ತು ವರ್ಷ ಅವರ ಕುರ್ಚಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದ್ದೇನೆ. ಹತ್ತಿರದಿಂದ ನೋಡಿದರೆ ಗೌರವ ಹೆಚ್ಚುತ್ತದೆ ಅಂತ ಯಾರು ಹೇಳಿದರೋ ಕಾಣೆ.

"ಕಂಪ್ಯೂಟರ್ ಕ್ಷೇತ್ರದಲ್ಲಿ ಅಪಾರ ಅನುಭವ ಹೊಂದಿದ್ದ" ಅಂತ ಶುರುಮಾಡಿದೆ. ನನಗೇ ನಗು ಬಂತು. ಹೊಡೆದುಹಾಕಿದೆ.

ಹೊಳೆನರಸೀಪುರದ ನಮ್ಮ ಕಾಲೇಜಿಗೆ ಅವರು ಬಂದದ್ದು ಟೈಪಿಸ್ಟಾಗಿ. ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಯಾರು ಮುಟ್ಟಬೇಕು ಅನ್ನುವುದೇ ದೊಡ್ಡ ಚರ್ಚೆಯಾಯಿತಂತೆ. ಭೌತಶಾಸ್ತ್ರದವರು ಗಣಿತದವರ ಕಡೆ ಕೈ ತೋರಿಸಿದರು, ಗಣಿತದವರು ರಜೆ ಹಾಕಿದರು. ಕೆಟ್ಟರೆ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಎಲ್ಲರಿಗೂ ಭಯ. ಆಗ ಇವರು ಮುಂದೆ ಬಂದು, "ಕೀಲಿಮಣೆ ನಮ್ಮ ಟೈಪ್‌ರೈಟರ್ ತರಾನೇ ಐತಲ್ಲ ಸಾ, ನಾನ್ ನೋಡ್ಕತೀನಿ ಬುಡಿ" ಅಂದರಂತೆ. ಹಾಳೂರಿಗೆ ಉಳಿದವನೇ ಗೌಡ. ಹಾಸನದ ಯಾವುದೋ ಮಹಡಿ ಮೇಲಿನ ಇನ್‌ಸ್ಟಿಟ್ಯೂಟಿಗೆ ಆರು ತಿಂಗಳು ಸಂಜೆ ಬಸ್ಸಿನಲ್ಲಿ ಹೋಗಿಬಂದು ಒಂದು ಸರ್ಟಿಫಿಕೇಟು ತಂದರು. ಅದಕ್ಕೆ ಕಟ್ಟು ಹಾಕಿಸಿ ಕಂಪ್ಯೂಟರ್ ರೂಮಿನಲ್ಲಿ ಸರಸ್ವತಿಯ ಪಟದ ಪಕ್ಕ ನೇತುಹಾಕಿದರು. ಅಂದಿನಿಂದ ಅವರು ಟೈಪಿಸ್ಟಲ್ಲ, "ಸಿಸ್ಟಂ ಇನ್‌ಚಾರ್ಜು".

ನಾನು ಗುಮಾಸ್ತನಾಗಿ ಸೇರುವ ಹೊತ್ತಿಗೆ ಈ ಅವತಾರ ಪೂರ್ತಿಯಾಗಿತ್ತು. ಬೂದು ಬಣ್ಣದ ಸಫಾರಿ. ಸೊಂಟದಲ್ಲಿ ರೂಮಿನ ಬೀಗದ ಕೈ. ಮುಂದೆ ಪೆನ್‌ಡ್ರೈವ್ ಬಂದಮೇಲೆ ಅದೂ ಕೊರಳಿನ ಕರಿದಾರಕ್ಕೆ, ತಾಯಿತದ ಜೊತೆಗೆ ಸೇರಿಕೊಂಡಿತು. ಚಪ್ಪಲಿ ಬಾಗಿಲ ಹೊರಗೆ ಬಿಡದೆ ಯಾರೂ ಒಳಗೆ ಬರುವಂತಿಲ್ಲ, ಪ್ರಾಂಶುಪಾಲರೂ ಸಹ. ಯಂತ್ರಕ್ಕೆ ಹೂವಿನ ಚಿತ್ರದ ಬಟ್ಟೆಯ ಹೊದಿಕೆ, ಅವರ ಹೆಂಡತಿ ಹೊಲಿದದ್ದು. ಆಯುಧಪೂಜೆಯ ದಿನ ಸಿಪಿಯು ಮುಂದೆ ಬೂದುಗುಂಬಳ ಒಡೆದು, ಅದರ ಕುಂಕುಮದ ನೀರು ಪವರ್ ಸ್ಟ್ರಿಪ್ಪಿಗೆ ಹರಿದು, ಫ್ಯೂಸು ಹಾರಿ, ಅರ್ಧ ಕಾಲೇಜು ಕತ್ತಲೆಯಾಯಿತು. "ದೃಷ್ಟಿ ಓಯ್ತು ಬುಡ್ರಿ" ಅಂದರು.

ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ನಮ್ಮ ಮನೆ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ತಾತ ಪೂಜೆಗಿದ್ದವರು, ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆಯಲ್ಲಿ ಊಟದ ಹೊತ್ತಿಗೂ ಇಂಗ್ಲಿಷ್ ವ್ಯಾಕರಣ. ಅಂಥವನನ್ನು ನುಗ್ಗೇಹಳ್ಳಿಯ ತೆಂಗಿನತೋಟದಿಂದ ಬಂದ ಟೈಪಿಸ್ಟೊಬ್ಬರು "ಏನಯ್ಯಾ, ಬಾರಯ್ಯಾ ಇಲ್ಲಿ, ಕೂತ್ಕ, ಒಸಿ ಕಲ್ತ್ಕ" ಅಂತ ಸ್ಟೂಲಿನ ಮೇಲೆ ಕೂರಿಸಿದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯನ್ನು ನಾನು ಮರ್ಯಾದೆಯ ಮಾತಿನಲ್ಲಿ ಮುಚ್ಚುತ್ತಿದ್ದೆ. "ತಾವು ಹೇಳಿದ ಮೇಲೆ ಆಯ್ತು ಸಾರ್" ಅನ್ನುತ್ತಿದ್ದೆ. ಅದರೊಳಗಿನ ಕೊಂಕು ಅವರಿಗೆ ತಿಳಿಯುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ಅವರಿಗೊಂದು ಸಿದ್ಧಾಂತವಿತ್ತು. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಅದನ್ನೇ ಬಿತ್ತರಿಸುವರು. "ಆಪರೇಟಿಂಗ್ ಸಿಸ್ಟಂ ಅಂದ್ರೆ ಮನೆ. ಬ್ರೌಸರ್ ಅಂದ್ರೆ ಕಿಟಕಿ, ಇಂಟರ್ನೆಟ್ ನೋಡಕ್ಕೆ. ಮನೆ ರಿಪೇರಿಗ್ ಬಂದೋನು ಕಿಟಕಿ ಮುಟ್ಟಲ್ಲ, ಕಿಟಕಿ ಬದ್ಲಾಯ್ಸೋನು ಗ್ವಾಡೆ ಮುಟ್ಟಲ್ಲ. ತಿಳೀತಾ?" ಹುಡುಗರು ತಲೆಯಾಡಿಸುವರು. ಕೇಳುವುದಕ್ಕೆ ಚೆಂದ, ಆದರೆ ಪೂರ್ತಿ ತಪ್ಪು. ನಮ್ಮ ಯಂತ್ರದಲ್ಲಿ ಕಿಟಕಿಯೂ ಗೋಡೆಯೂ ಒಂದೇ ಗಾರೆಯಲ್ಲಿ ಕಟ್ಟಿದ್ದವು. ಎರಡನ್ನೂ ಮಾಡಿದ ಕಂಪನಿ ಒಂದೇ. ಗೋಡೆಗೆ ಸುಣ್ಣ ಬಳಿಯಲು ಬಂದವನು ಕೇಳದೆಯೇ ಕಿಟಕಿ ಬದಲಾಯಿಸಿ ಹೋಗುತ್ತಿದ್ದ. ಇದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹುಡುಗರ ಮುಂದೆ ಅವರು ತಪ್ಪು ಹೇಳುವುದನ್ನು ಕೇಳುವ ಸುಖವೇ ಬೇರೆ.

ಅವರ ದೊಡ್ಡ ವ್ರತವೆಂದರೆ ಅಪ್‌ಡೇಟು. ಕಂಪನಿಯಿಂದ ಏನೇ ಬರಲಿ, ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಹಾಕುವುದೇ. "ಹೊಸದು ಬಂದ್ಮೇಕೆ ಹಳೇದ್ಕೆ ಮರ್ಯಾದಿ ಎಲ್ಲಿರ್ತದಯ್ಯಾ" ಅನ್ನುವರು. ಆ ದಿನ ನನಗೆ ಬುಲಾವು ಬರುತ್ತಿತ್ತು. ನನ್ನ ಮೇಜಿನ ಮೇಲೆ ದಾಖಲಾತಿಯ ಕಡತ ಹರಡಿರಲಿ, ಊಟದ ಡಬ್ಬಿ ತೆರೆದಿರಲಿ, ಬಿಟ್ಟು ಹೋಗಿ ಸ್ಟೂಲಿನ ಮೇಲೆ ಕೂರಬೇಕು. ಅವರು ಮೌಸ್ ಹಿಡಿದು, ಪರದೆಯ ಮೇಲೆ ಇಂಗ್ಲಿಷಿನ ಚೌಕ ಮೂಡಿದೊಡನೆ ಒಂದು ಗಳಿಗೆ ತಡೆದು ನನ್ನ ಕಡೆ ತಿರುಗುವರು. ಜಾದೂಗಾರ ಸಭಿಕರ ಚಪ್ಪಾಳೆಗೆ ಕಾಯುವ ಹಾಗೆ. ಆಮೇಲೆ ಟಕ್ ಅಂತ ನೆಕ್ಸ್ಟ್ ಒತ್ತುವರು. ಮತ್ತೊಂದು ಚೌಕ, ಮತ್ತೆ ತಿರುಗುವುದು, ಮತ್ತೆ ನೆಕ್ಸ್ಟ್. ಕಾಲೇಜಿನಲ್ಲಿ ಅವರ ಬೆನ್ನ ಹಿಂದೆ "ನೆಕ್ಸ್ಟ್ ಮೇಷ್ಟ್ರು" ಅಂತ ಹೆಸರು ಬಿದ್ದಿತ್ತು. ಇಟ್ಟವನು ನಾನೇ.

ಒಮ್ಮೊಮ್ಮೆ ಅರ್ಧದಲ್ಲೇ ಕೈ ತೆಗೆದುಬಿಡುವರು. "ಬ್ಯಾಡ ಕಣಯ್ಯ, ರಾಹುಕಾಲ ಬಂದ್ಬುಡ್ತು. ನಾಳೀಕೆ ನೋಡನ" ಅಂತ ಎದ್ದು ಬೀಡಿ ಸೇದಲು ಹೋಗುವರು. ಗೋಡೆಯ ಕ್ಯಾಲೆಂಡರನ್ನು ಒಂದು ಸಲ ನೋಡಿದ ಹಾಗೆ ಮಾಡುವರು. ಬುಧವಾರದ ರಾಹುಕಾಲ ಹನ್ನೆರಡಕ್ಕೆ, ಇವರಿಗೆ ಹತ್ತೂಕಾಲಿಗೇ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಮುಗಿದು ಹೋದ ರಾಹುಕಾಲ ಇವರಿಗೆ ಸಂಜೆ ನಾಲ್ಕಕ್ಕೆ ಬರುತ್ತಿತ್ತು. ದೇವಸ್ಥಾನದ ಬೀದಿಯಲ್ಲಿ ಹುಟ್ಟಿದ ನನಗೆ ಇದು ಇನ್ನೂ ದೊಡ್ಡ ತಮಾಷೆ. ಕಂಪ್ಯೂಟರ್ ಗೊತ್ತಿಲ್ಲ ಹೋಗಲಿ, ಮೂಢನಂಬಿಕೆಯನ್ನಾದರೂ ನೆಟ್ಟಗೆ ಕಲಿಯಬಾರದೆ? ಈ ಕತೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಅಭಿನಯಸಹಿತ ಹೇಳುತ್ತಿದ್ದೆ. ಜನ ಟೀ ಕುಡಿಯುವುದನ್ನು ನಿಲ್ಲಿಸಿ ನಗುತ್ತಿದ್ದರು.

ಬರೀ ತಮಾಷೆಯಾಗಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ನಾನು ಊಟಕ್ಕೂ ಮನೆಗೆ ಹೋಗದೆ ಕೂತು, ಅಂಕಪಟ್ಟಿಗಳನ್ನು ತಾನೇ ಕೂಡಿ ದರ್ಜೆ ಹಾಕಿಕೊಡುವ ಒಂದು ಪ್ರೋಗ್ರಾಂ ಮಾಡಿದೆ. ಆಡಳಿತ ಮಂಡಳಿಯವರು ನೋಡಲು ಬಂದ ದಿನ ಅವರು ಕುರ್ಚಿಯಲ್ಲಿ ಕೂತು, "ನಮ್ ಡಿಪಾರ್ಟ್‌ಮೆಂಟಲ್ಲೇ ಮಾಡಿದ್ದು ಸಾ" ಅಂದರು. ಶಾಲು ಅವರಿಗೆ ಬಂತು. ಸ್ಟೂಲಿನ ಮೇಲಿದ್ದ ನನಗೆ ಚಪ್ಪಾಳೆ ತಟ್ಟುವ ಅವಕಾಶ ಬಂತು. ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ: ಈ ಮನುಷ್ಯ ಒಂದು ದಿನ ಎಲ್ಲರೆದುರು ಬೆತ್ತಲಾಗಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು.

ಆ ದಿನ ಬಂತು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ಪರೀಕ್ಷೆಯ ಅರ್ಜಿಗಳನ್ನು ವಿಶ್ವವಿದ್ಯಾಲಯದ ಸೈಟಿನಲ್ಲೇ ತುಂಬಬೇಕು ಅಂತ ಆಗಿತ್ತು. ಆ ಸೈಟು ತೆರೆಯುತ್ತಿದ್ದದ್ದು ಬ್ರೌಸರಿನ ಹಳೆಯ ಆರನೇ ಆವೃತ್ತಿಯಲ್ಲಿ ಮಾತ್ರ, ಬೇರೆ ಯಾವುದರಲ್ಲಿ ಹೋದರೂ ಅರ್ಧ ಪುಟ ಬಂದು ಕೊನೆಯಲ್ಲಿ "ಸಲ್ಲಿಸಿ" ಅನ್ನುವ ಗುಂಡಿಯೇ ಕಾಣುತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಯಂತ್ರಕ್ಕೆ, ಅದರಲ್ಲಿ ಆರು ಇತ್ತು. ಎಲ್ಲ ವಿದ್ಯಾರ್ಥಿಗಳ ಅರ್ಜಿಯೂ ಹೋಯಿತು. ಆಮೇಲಿನ ವಾರದಲ್ಲಿ ಆಪರೇಟಿಂಗ್ ಸಿಸ್ಟಂ ತನಗೆ ತಾನೇ ಅಪ್‌ಡೇಟು ಇಳಿಸಿಕೊಂಡು, ಅದರ ಜೊತೆಗೆ ಬ್ರೌಸರನ್ನೂ ಏಳಕ್ಕೆ ಏರಿಸಿಬಿಟ್ಟಿತು. ಕಿಟಕಿ ಮುಟ್ಟಲ್ಲ ಅಂದಿದ್ದರಲ್ಲ, ಮುಟ್ಟಿತು.

ಗುರುವಾರ ಬೆಳಿಗ್ಗೆ ಅರಕಲಗೂಡಿನ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು, ಸೊಂಟದಲ್ಲಿ ಒಂದು ವರ್ಷದ ಕೂಸು. ನಮ್ಮ ಹಳೆಯ ವಿದ್ಯಾರ್ಥಿನಿ. ಡಿಗ್ರಿಯ ಕೊನೆಯ ವರ್ಷದಲ್ಲೇ ಮದುವೆಯಾಗಿ, ಒಂದು ಪೇಪರು ಉಳಿದುಹೋಗಿತ್ತು. ಹಳೆಯ ಪಠ್ಯಕ್ರಮಕ್ಕೆ ಅದೇ ಕೊನೆಯ ಪರೀಕ್ಷೆ. ಇದು ತಪ್ಪಿದರೆ ಮೂರು ವರ್ಷ ಓದಿದ್ದೂ ನೀರಿನಲ್ಲಿ ಹೋಮ. ಅರ್ಜಿಗೆ ಮಾರನೆಯ ದಿನ, ಶುಕ್ರವಾರ ಸಂಜೆ ಐದು ಗಂಟೆ ಗಡುವು.

"ಮೊದ್ಲೇ ಬತ್ತಿದ್ದೆ ಸಾ, ಅತ್ತೆ ಬಿಡ್ನಿಲ್ಲ. ಮಗೀಗೆ ಜ್ವರ ಅಂದ್ರು, ಕಳೆ ಕೀಳಾದೈತೆ ಅಂದ್ರು. ಇವತ್ತು ಏಳ್ದೆ ಕೇಳ್ದೆ ಬಂದ್ಬುಟ್ಟೆ" ಅಂದಳು.

ಪುಟ ತೆರೆದರೆ ಗುಂಡಿ ಇಲ್ಲ. ಅವರು ಎದೆ ಉಬ್ಬಿಸಿ, "ಯೋಚ್ನೆ ಮಾಡ್ಬ್ಯಾಡವ್ವ. ಏಳನ್ನ ಕಿತ್ತಾಕುದ್ರೆ ಕೆಳಗೆ ಆರು ಅಂಗೇ ಇರ್ತದೆ. ನಾಳೀಕೆ ಬಾ" ಅಂದರು. ಆ ಮಟ್ಟಿಗೆ ಅವರು ಹೇಳಿದ್ದು ಸರಿಯೇ. ಏಳನ್ನು ತೆಗೆಯುವ ಗುಂಡಿ ಪ್ರೋಗ್ರಾಂಗಳ ಪಟ್ಟಿಯಲ್ಲಿತ್ತು, ಅದನ್ನು ಒತ್ತಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅವರ ಜೇಬಿನಲ್ಲಿ ಹಾಸನದ ಡೀಲರು ಕೊಟ್ಟ ಒಂದು ಸಿ.ಡಿ. ಇತ್ತು, ಆಪರೇಟಿಂಗ್ ಸಿಸ್ಟಮ್ಮಿಗೆ ಹೊಸದಾಗಿ ಬಂದ ದೊಡ್ಡ ಸರ್ವಿಸ್ ಪ್ಯಾಕು, ಅಂದರೆ ಅಪ್‌ಡೇಟುಗಳ ಗಂಟು. ಹೊಸದು ಜೇಬಿನಲ್ಲಿರುವಾಗ ಅವರಿಗೆ ಊಟ ಸೇರುತ್ತದೆಯೆ? "ಮೊದ್ಲು ಮನೆ ಗಟ್ಟಿ ಮಾಡನ, ಆಮೇಕೆ ಕಿಟಕಿ ಕೀಳನ" ಅಂತ ತೀರ್ಮಾನವಾಯಿತು. ನನಗೆ ಬುಲಾವು ಬಂತು.

ಎರಡು ಗಂಟೆಯಿರಬೇಕು. ನಾನು ಸ್ಟೂಲಿನ ಮೇಲೆ, ಅವರು ಕುರ್ಚಿಯಲ್ಲಿ. ನೆಕ್ಸ್ಟ್, ನೆಕ್ಸ್ಟ್. ಮೂರನೆಯದೋ ನಾಲ್ಕನೆಯದೋ ಚೌಕದಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು ಬಂತು. ಈ ಪ್ಯಾಕನ್ನು ಹಾಕಿದ ಮೇಲೆ ಈಗಿರುವ ಬ್ರೌಸರನ್ನು ತೆಗೆದು ಹಳೆಯದಕ್ಕೆ ಹಿಂದಿರುಗಲು ಸಾಧ್ಯವಿಲ್ಲ; ಹಿಂದಿರುಗುವ ಇಚ್ಛೆಯಿದ್ದರೆ ಮೊದಲು ಅದನ್ನು ತೆಗೆದು ಬನ್ನಿ. ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ನಾನು ಓದಿದೆ. ಪೂರ್ತಿ ಓದಿದೆ. ಶಾಲು ಹೊದೆದ ಅವರ ಭುಜ ಕಣ್ಣ ಮುಂದೆ ಬಂತು. ನಾಳೆ ಪ್ರಾಂಶುಪಾಲರ ಎದುರು ಈ ಭುಜ ಹೇಗೆ ಇಳಿಯುತ್ತದೆ ಅಂತ ನೆನೆದು ತುಟಿಯಂಚಿನಲ್ಲಿ ನಗು ಬಂದುಬಿಟ್ಟಿತು. ಅವರು ಎಂದಿನಂತೆ ನನ್ನ ಕಡೆ ತಿರುಗಿದರು, ಒಂದು ಗಳಿಗೆ ನೋಡಿದರು, ನೆಕ್ಸ್ಟ್ ಒತ್ತಿದರು.

ಅವತ್ತು ಅವರ ಬಾಯಲ್ಲಿ ರಾಹುಕಾಲದ ಮಾತು ಬರಲಿಲ್ಲ. ಗುರುವಾರ ಎರಡು ಗಂಟೆಗೆ ನಿಜವಾದ ರಾಹುಕಾಲವೇ ನಡೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆಯಿಂದ ಕರೆಂಟಿಲ್ಲ. ಬಂದಾಗ ಎರಡೂವರೆ. ಅವರು ಪಟ್ಟಿ ತೆರೆದು ಏಳನ್ನು ಹುಡುಕಿದರು. ಏಳು ಇತ್ತು, ಅದರ ಪಕ್ಕದಲ್ಲಿದ್ದ ತೆಗೆಯುವ ಗುಂಡಿ ಇಲ್ಲ. ಮುಚ್ಚಿ ತೆರೆದರು. ಯಂತ್ರ ಆರಿಸಿ ಹಾಕಿದರು. "ಎಲ್ಲೋಯ್ತಯ್ಯಾ ಅದು?" ಅಂದರು.

"ಪ್ಯಾಕು ಹಾಕಿದಿರಲ್ಲ ಸಾರ್. ಅದರ ಕೆಳಗೆ ಸಿಕ್ಕಿಹಾಕ್ಕೊಂಡಿದೆ. ಇನ್ನು ಬರಲ್ಲ" ಅಂದೆ, ತಣ್ಣಗೆ. ಅಂದು, ಅವರು ಬಾಯಿ ತೆರೆಯುವ ಮುಂಚೆ ಎದ್ದು ಪ್ರಾಂಶುಪಾಲರ ಕೊಠಡಿಗೆ ಹೋಗಿ ವಿಷಯ ಮುಟ್ಟಿಸಿದೆ. ಅಲ್ಲಿಂದ ಹೊರಗೆ ಬರುವಾಗ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಆ ಹೆಣ್ಣುಮಗಳು ನಿಂತಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಳು. ನಿಜ ಹೇಳುತ್ತೇನೆ, ಆ ಗಳಿಗೆಯವರೆಗೆ ನನ್ನ ಲೆಕ್ಕದಲ್ಲಿ ಅವಳು ಇರಲೇ ಇಲ್ಲ. ಅವರು ಬೀಳುವುದು ಮಾತ್ರ ಇತ್ತು.

ಅವರು ಅವಳ ಅರ್ಜಿ, ಫೋಟೊ ಎಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, "ನಡೀವ್ವ, ಹಾಸನದಾಗೆ ಯಾತರಲ್ಲಾದ್ರೂ ಆರು ಇದ್ದೇ ಇರ್ತದೆ" ಅಂತ ಬಸ್‌ಸ್ಟ್ಯಾಂಡಿಗೆ ಓಡಿದರು. ಸಫಾರಿ ತೊಟ್ಟ ಆ ದಪ್ಪ ಮನುಷ್ಯ ಓಡುವುದನ್ನು ನಾನು ಅದೇ ಮೊದಲು ನೋಡಿದ್ದು. ಅದರಲ್ಲೂ ನಗುವಂಥದ್ದಿತ್ತು. ನನಗೆ ಬರಲಿಲ್ಲ.

ಮುಂದಿನದ್ದನ್ನು ಅವಳೇ ಆಮೇಲೆ ಹೇಳಿದಳು. ಹಾಸನ ಮುಟ್ಟಿದಾಗ ನಾಲ್ಕು ದಾಟಿತ್ತು. ಮೊದಲ ಎರಡು ಸೈಬರ್ ಸೆಂಟರುಗಳಲ್ಲೂ ಯಂತ್ರಗಳು ತಮಗೆ ತಾವೇ ಏಳಕ್ಕೆ ಏರಿ ಕೂತಿದ್ದವು. ಮೂರನೆಯ ಕಡೆ, ಯಾರೂ ಕೂರದೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರದಲ್ಲಿ ಆರು ಸಿಕ್ಕಿತು. ಅರ್ಜಿ ತುಂಬಿದರು. ಫೋಟೊ ಏರುತ್ತಾ ಏರುತ್ತಾ ಐದಾಯಿತು. "ಅವಧಿ ಮುಗಿದಿದೆ" ಅಂತ ಬಂತು.

ಸೋಮವಾರ ಅವರು ವಿಶ್ವವಿದ್ಯಾಲಯದ ಕಚೇರಿಗೆ ಹೋದರು. "ಇದರಲ್ಲಿ ವಿದ್ಯಾರ್ಥಿನಿಯ ತಪ್ಪೇನೂ ಇಲ್ಲ, ನನ್ನ ತಪ್ಪು" ಅಂತ ತಾವೇ ಟೈಪು ಮಾಡಿದ ಕಾಗದ ಹಿಡಿದು ಮೂರು ದಿನ ಬಾಗಿಲು ಕಾದರು. ಆಗಲಿಲ್ಲ. ಪ್ರಾಂಶುಪಾಲರು ವಿಚಾರಣೆ ಮಾಡಿದಾಗಲೂ ಒಂದೇ ಮಾತು: "ನಂದೇ ತೆಪ್ಪು ಸಾ. ನೋಡ್ದೆ ಒತ್ಬುಟ್ಟೆ." ಪಕ್ಕದಲ್ಲಿ ಯಾರಿದ್ದರು ಅಂತ ಪ್ರಾಂಶುಪಾಲರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಇವರನ್ನು ಲೈಬ್ರರಿಗೆ ಹಾಕಿದರು, ಪುಸ್ತಕಕ್ಕೆ ಸೀಲು ಹೊಡೆಯಲು. ಕಂಪ್ಯೂಟರ್ ರೂಮಿನ ಬೀಗದ ಕೈ ನನಗೆ ಬಂತು. ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು, "ಮಳೆ ಬಂದ್ರೆ ಆ ಎಡಗಡೆ ಮೂಲೆ ಸೋರ್ತದೆ, ನೋಡ್ಕ" ಅಂತ ಅಷ್ಟೇ ಹೇಳಿದರು.

ನಾನು ಆ ಕುರ್ಚಿಯಲ್ಲಿ ಕೂತೆ. ಸರ್ಟಿಫಿಕೇಟಿನ ಕಟ್ಟು ಇಳಿಸಿದೆ. ಚಪ್ಪಲಿ ನಿಯಮ ತೆಗೆದೆ. ಎಲ್ಲರೂ ಮೆಚ್ಚಿದರು.

ಮರುವರ್ಷ ಚುನಾವಣೆ ಕೆಲಸಕ್ಕೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹಾಕಿದ್ದರು. ನಮಗೆ ಊಟ ಬಡಿಸಿದವಳು ಅರ್ಜಿ ತಪ್ಪಿದ ಆ ಹೆಣ್ಣುಮಗಳೇ. ಆ ಶಾಲೆಯ ಬಿಸಿಯೂಟದ ಅಡುಗೆ ಅವಳದಂತೆ. ಮತ್ತೆ ಮೊದಲಿಂದ ಓದುವುದಕ್ಕೆ ಮನೆಯಲ್ಲಿ ಒಪ್ಪಲಿಲ್ಲವಂತೆ.

"ಆ ಸಾ ಅವತ್ತು ಬಸ್ನಾಗೆ ಅತ್ಬುಟ್ರು ಸಾ, ದೊಡ್ ಮನ್ಸ ಅಂಗೆಲ್ಲಾ ಅತ್ರೆ ಏನ್ ಮಾಡಾದು, ನಾನೇ ಸಮಾಧಾನ ಮಾಡ್ದೆ" ಅಂತ ನಕ್ಕಳು. "ಮಿಸಿನ್ನು ತೆಪ್ಪು ಮಾಡುದ್ರೆ ನೀವೇನ್ ಮಾಡೀರಿ ಸಾ. ಇನ್ನೊಸಿ ಸಾರು ಹಾಕ್ಸ್ಕಳಿ."

ಹಾಕಿಸಿಕೊಂಡೆ. ತಿನ್ನಲಾಗಲಿಲ್ಲ.

ಅವರು ನಿವೃತ್ತರಾದದ್ದು ಅದೇ ವರ್ಷ. ಪೇಟ ಸುತ್ತಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಸಭೆಯಲ್ಲಿ ನಾನೂ ಎರಡು ಮಾತಾಡಿದೆ, ಅಪಾರ, ಅನನ್ಯ, ಅಂಥವು. ಬುಟ್ಟಿ ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಹೋಗಿಬಾ ಅಂತ ಪ್ರಾಂಶುಪಾಲರು ನನಗೇ ಹೇಳಿದರು. ಚನ್ನರಾಯಪಟ್ಟಣದ ಬಸ್ಸು ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಪೇಟ ತೆಗೆದಿಟ್ಟುಕೊಂಡು ಕೂತು, ಅವರೇ ಶುರುಮಾಡಿದರು.

"ಒಂದ್ ಮಾತು ಏಳ್ತೀನಿ, ನಗ್ಬ್ಯಾಡ. ನನ್ಗೆ ಇಂಗ್ಲಿಷು ಓದಕ್ ಬರ್ತಿರ್ನಿಲ್ಲ ಕಣಯ್ಯ."

"ಏನ್ ಸಾರ್, ಇಪ್ಪತ್ತು ವರ್ಷ ಇಂಗ್ಲಿಷ್ ಟೈಪ್ ಮಾಡಿದೀರಿ."

"ಅಕ್ಸರ ನೋಡ್ಕಂಡು ಒಡೀತಿದ್ದೆ. ಒಂದ್ ತೆಪ್ಪಿಲ್ದಂಗೆ ಒಡೀತಿದ್ದೆ. ಅರ್ತ ಯಾವನು ಕೇಳ್ದ? ಕಂಪ್ಯೂಟರ್ ಬಂದ್ಮೇಕೆ ಸಿಕ್ಕಾಕ್ಕಂಡೆ. ಅದು ಮಾತ್ಮಾತ್ಗೂ ಏನೋ ಕೇಳ್ತದಲ್ಲಯ್ಯಾ. ಯಾರನ್ನಾದ್ರೂ ಕೇಳನ ಅಂದ್ರೆ ಮಾನ ಓಯ್ತದೆ." ಪೇಟದ ಜರಿ ಎಳೆಯುತ್ತ ಕೂತರು. "ಅದ್ಕೇ ನಿನ್ನ ಪಕ್ದಲ್ಲಿ ಕೂರಿಸ್ಕತಿದ್ದೆ. ನೀನು ಓದಿದ್ದು ನಿನ್ ಮುಕದಾಗೆ ಕಾಣ್ತಿತ್ತು. ನೀನು ಉಬ್ಬು ಗಂಟಾಕುದ್ರೆ ನಾನು ಕೈ ತಗದ್ಬುಡ್ತಿದ್ದೆ. ರಾಹುಕಾಲ ಅಂತಿದ್ದೆ."

ಬಸ್ಸು ಬಂತು. ಎದ್ದು ಪೇಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ಅವತ್ತು ನೀನು ನಗ್ತಿದ್ದೆ ಕಣಯ್ಯ. ಎಲ್ಲಾ ಸರಿಯಾಗೈತೆ ಅನ್ಕಂಡು ಒತ್ಬುಟ್ಟೆ."

ಆಪಾದನೆಯೋ, ಬರೀ ನಡೆದದ್ದನ್ನು ಹೇಳಿದ್ದೋ, ಆ ದನಿಯಿಂದ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹತ್ತಿ ಕಿಟಕಿಯ ಪಕ್ಕ ಕೂತರು. ನಾನು ಹಣ್ಣಿನ ಬುಟ್ಟಿಯನ್ನು ಕಿಟಕಿಯಿಂದ ಕೊಟ್ಟೆ. "ಬತ್ತೀನಯ್ಯ" ಅಂದರು. ಅಲ್ಲಿಂದಾಚೆಗೆ ನಾನು ಅವರನ್ನು ನೋಡಲಿಲ್ಲ. ನುಗ್ಗೇಹಳ್ಳಿ ಎಷ್ಟು ದೂರ? ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ವಾಪಸು ಬರಬಹುದು. ಹೋಗಲಿಲ್ಲ.

ಅವರು ಜಂಬಗಾರರು, ನನ್ನ ಶಾಲು ಹೊದ್ದವರು, ಹುಡುಗರಿಗೆ ತಪ್ಪು ಹೇಳಿಕೊಟ್ಟವರು. ಸತ್ತರು ಅಂತ ಇದರಲ್ಲಿ ಒಂದನ್ನೂ ನಾನು ಅಳಿಸುವುದಿಲ್ಲ. ಆದರೆ ನಾಲ್ಕು ಸಾಲಿಗೆ ಕೂತವನಿಗೆ ಕೊನೆಗೆ ದಕ್ಕಿದ್ದು ಎರಡೇ: "ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೆ ಬರುತ್ತಿತ್ತು."

ಪ್ರಾಂಶುಪಾಲರು ಕನ್ನಡಕ ಏರಿಸಿ ಓದಿದರು. "ಏನ್ರೀ ಇದು, ತೀರಿಕೊಂಡೋರ ಬಗ್ಗೆ ಹೀಗಾ ಬರೆಯೋದು? ಮೊದಲನೇ ಸಾಲು ತೆಗೀರಿ" ಅಂದರು.

ಎರಡನೆಯ ಸಾಲಿನ ಬಗ್ಗೆ ಏನೂ ಕೇಳಲಿಲ್ಲ.